ಮಾನಿಟರ್ ಒಳ್ಳೆಯವನಾದರೂ ಚುನಾವಣೆ ಬೇಕು



ನಮ್ಮ ಏಳನೇ ವರ್ಗದಾಗ ಈ ಸಲ ಕೆಲವರು, "ಹೋದ ವರ್ಷದ ಮಾನಿಟರೇ ಇರಲಿ ಬಿಡ್ರಿ, ಚುನಾವಣೆ ಯಾಕ ಬೇಕು?" ಅಂತಾರ. ಅವನು ಒಳ್ಳೆಯ ಹುಡುಗ, ನನ್ನ ಗೆಳೆಯನೇ. ಆದರೂ ಇದು ತಪ್ಪು ಎಂದು ನನ್ನ ಅಭಿಪ್ರಾಯ.

ಹಿಂದೆ ರೋಮ್ ದೇಶದ ಜನ ರಾಜನನ್ನು ಓಡಿಸಿ, ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು ಆರಿಸುತ್ತಿದ್ದರು. ಒಬ್ಬ ತಪ್ಪು ಮಾಡಿದರೆ ಇನ್ನೊಬ್ಬ ತಡೀಬಹುದಿತ್ತು. ಕ್ರಿ.ಪೂ. 44ರಲ್ಲಿ ಸೀಸರ್ ಸಾಯೋತನಕ ಸರ್ವಾಧಿಕಾರಿಯಾದ. ಅವನನ್ನು ಕೊಂದರು, ಆದರೂ ಗಣರಾಜ್ಯ ಉಳೀಲಿಲ್ಲ. ತಮ್ಮ ತಮ್ಮೊಳಗಿನ ಯುದ್ಧದಿಂದ ಬೇಸತ್ತ ಜನಕ್ಕ ಶಾಂತಿ ಸಿಕ್ಕರೆ ಸಾಕಾಗಿತ್ತು. ಅಗಸ್ಟಸ್ ಶಾಂತಿ ಕೊಟ್ಟ. ಸೆನೆಟ್ ಸಭೆಯನ್ನೂ ಮುಚ್ಚಲಿಲ್ಲ. ಸಭೆ ಇತ್ತು, ಅಧಿಕಾರ ಮಾತ್ರ ಅವನ ಕೈಯಾಗಿತ್ತು.

ನಮ್ಮ ದೇಶದಾಗೂ ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಲೋಕಸಭೆ ತನ್ನ ಅವಧಿಯನ್ನು ತಾನೇ ಹೆಚ್ಚಿಸಿಕೊಂಡಿತು. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಜನ ಸರಕಾರವನ್ನೇ ಬದಲಿಸಿದರು.

ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಹಿರಿಯರು 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಆಳ್ವಿಕೆಯಲ್ಲಿದ್ದರು. ಬಡವ, ಶ್ರೀಮಂತ, ಗಂಡಸು, ಹೆಂಗಸು ಎನ್ನದೆ ಎಲ್ಲರೂ ಓಟು ಹಾಕಿದ್ದು 1952ರ ಚುನಾವಣೆಯಲ್ಲಿ. ಅಷ್ಟು ಕಾದು ಪಡೆದದ್ದನ್ನು ನಾವು "ಯಾರಿಗೆ ಬೇಕು ತ್ರಾಸು" ಅಂತ ಬಿಡೋದಾ?

ಅದೇ ಹುಡುಗ ಮತ್ತೆ ಗೆದ್ದರೆ ನಾನೇ ಮೊದಲು ಚಪ್ಪಾಳೆ ಹೊಡೀತೀನಿ. ಆದರೆ ಚೀಟಿ ಹಾಕೋಣ. ಒಳ್ಳೆಯವನನ್ನು ಪ್ರಶ್ನೆ ಕೇಳೋ ರೂಢಿ ಇಲ್ಲದಿದ್ದರೆ, ಮುಂದೆ ಕೆಟ್ಟವನು ಬಂದಾಗ ಕೇಳೋ ಧೈರ್ಯ ಎಲ್ಲಿಂದ ಬರಬೇಕು?