ಸಹಿ ಹಾಕುವ ಮುಂಚೆ ತಳದ ಸಾಲು ಓದಿ!

ಕನ್ನಡದ ಯುವಕರೇ, ನಮ್ಮ ಮನಗೂಳಿಯಲ್ಲಿ 12ನೇ ಶತಮಾನದ ದಾನಶಾಸನಗಳಿವೆ. ಯಾರು, ಯಾರಿಗೆ, ಏನು ಕೊಟ್ಟರೆಂದು ಅಂದಿನವರು ಕಲ್ಲಿನ ಮೇಲೆ ಕನ್ನಡದಲ್ಲೇ ಕೊರೆಸಿದರು. ಇಂದು? ನಮ್ಮಂಥ ಮುದ್ರಣಾಲಯಗಳಿಗೆ ಕಾಗದ, ಶಾಯಿ, ಪ್ಲೇಟು ಕಳಿಸುವ ಹೊರಗಿನ ವ್ಯಾಪಾರಿ ಇಂಗ್ಲಿಷ್ ಕರಾರು ಚಾಚಿದರೆ, ಎಷ್ಟೋ ಜನ ಓದದೆ ಸಹಿ ಹಾಕುತ್ತಾರೆ!

ಅದರ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ತಕರಾರು ಬಂದರೆ ಮುಂಬೈ ಕೋರ್ಟಿನಲ್ಲಿ ಮಾತ್ರ. ಎರಡು ಊರಿನ ಕೋರ್ಟುಗಳಿಗೂ ಅಧಿಕಾರವಿದ್ದಾಗ, ಕರಾರಿನಲ್ಲಿ ಒಂದನ್ನೇ ಒಪ್ಪಿಕೊಂಡಿದ್ದರೆ ಅದು ಊರ್ಜಿತ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಅಂದರೆ, ತೊಯ್ದು ಬಂದ ಹತ್ತು ರೀಮು ಕಾಗದಕ್ಕಾಗಿ ಹತ್ತಿರದ ಬಸವನ ಬಾಗೇವಾಡಿ ಬಿಟ್ಟು ಮುಂಬೈಗೆ ಅಲೆಯಬೇಕು. ವಕೀಲರ ಫೀಸಿನ ಮುಂದೆ ಕಾಗದದ ಬೆಲೆ ಯಾವ ಲೆಕ್ಕ? ಇದು ವ್ಯಾಪಾರಿಗೂ ಗೊತ್ತು!

1872ರ ಕರಾರು ಕಾಯ್ದೆ ಇಂಗ್ಲಿಷೇ ಬೇಕೆಂದು ಎಲ್ಲಿಯೂ ಹೇಳಿಲ್ಲ. ಕನ್ನಡದ ಕರಾರೂ ಅಷ್ಟೇ ಗಟ್ಟಿ. ಧೈರ್ಯವಾಗಿ ಕೇಳಿ. ಕಾಗದದ ಜಿಎಸ್‌ಎಂ, ದರ, ಮಾಲು ಮುಟ್ಟಿಸುವ ದಿನ, ಕೆಟ್ಟ ಮಾಲಿನ ವಾಪಸಾತಿ, ಕೋರ್ಟಿನ ಊರು, ಈ ಐದನ್ನೂ ಬಿಡಿಸಿ ಬರೆಸಿ. ಎರಡು ಭಾಷೆಯಲ್ಲಿದ್ದರೆ ಕನ್ನಡ ಪ್ರತಿಯೇ ಅಂತಿಮ ಎಂಬ ಸಾಲೂ ಇರಲಿ.

ನಾಳೆ ಬೆಂಗಳೂರು, ಹುಬ್ಬಳ್ಳಿಯ ಕಂಪನಿಗಳ ಖರೀದಿ ವಿಭಾಗದಲ್ಲಿ ಕೂರುವವರು ನೀವೇ. ಆ ಕುರ್ಚಿಯಲ್ಲಿ ಕೂತು ಕನ್ನಡ ಕರಾರು ಕೇಳುವುದೂ ಹೋರಾಟವೇ. ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಬಂದರೆ ಸಾಲದು, ದುಡ್ಡು ಕಟ್ಟಿಹಾಕುವ ಕಾಗದದ ಮೇಲೂ ಬರಬೇಕು!