ತಂಡ ಕುಸಿದರೆ ಮಂಡಳಿಯೇ ಹೊಣೆಯೇ?

ಈ ವರ್ಷ ನಮ್ಮ ಶಾಲೆಯ ಚರ್ಚಾಸ್ಪರ್ಧೆಗೆ ವಿಷಯ ಆರಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಟ್ಟಿದ್ದೆವು. ಪ್ರತಿವರ್ಷದಂತೆ 'ವಿಜ್ಞಾನ ವರವೋ ಶಾಪವೋ' ಎಂಬುದೇ ಬರುವುದೆಂದು ನಾನು ತಿಳಿದಿದ್ದೆ. ಹತ್ತನೆಯ ವರ್ಗದ ಹುಡುಗರು ತಂದುಕೊಟ್ಟ ಚೀಟಿಯಲ್ಲಿ ಬೇರೆಯೇ ಇತ್ತು: 'ಫುಟ್‌ಬಾಲ್ ಸಂಘದ ಅವನತಿಗೆ ಅದರ ಆಡಳಿತ ಮಂಡಳಿಯೇ ಕಾರಣ.' ನಿರ್ಣಾಯಕರಲ್ಲಿ ನಾನೂ ಒಬ್ಬ. ವಿಷಯದ ಪರವಾಗಿ ಮಾತನಾಡಿದ ಹುಡುಗನಿಗೆ ಮೊದಲ ಬಹುಮಾನ ಬಂದಿತು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನೂ ಕೈತುಂಬ ಅಂಕ ಕೊಟ್ಟೆ. ಆದರೆ ಮನೆಗೆ ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಅಸಮಾಧಾನವೇ ಈ ಲೇಖನ.

ನಮ್ಮ ಭಾಗದಲ್ಲಿ ಇದು ಹುಡುಗಾಟದ ವಿಷಯವಲ್ಲ. ಕೊಲ್ಹಾಪುರವೆಂದರೆ ಹೊರಗಿನವರಿಗೆ ಅಂಬಾಬಾಯಿ, ಕುಸ್ತಿ, ಬೆಲ್ಲ, ಚಪ್ಪಲಿ. ನಮಗೆ ಅದರೊಡನೆ ಫುಟ್‌ಬಾಲೂ ಉಂಟು. ಕುಸ್ತಿಯ ಗರಡಿಗಳಾಗಿ ಹುಟ್ಟಿದ ತಾಲೀಮುಗಳೇ ಅಲ್ಲಿ ತಂಡಗಳನ್ನು ಕಟ್ಟಿವೆ. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲಬಹಾರ ತಾಲೀಮು. ಜೊತೆಗೆ ಶಿವಾಜಿ ತರುಣ ಮಂಡಳ, ಪ್ರ್ಯಾಕ್ಟಿಸ್ ಕ್ಲಬ್. ಶಾಹು ಸ್ಟೇಡಿಯಮ್ಮಿನಲ್ಲಿ ಪಂದ್ಯವಿದ್ದ ದಿನ ಒಂದು ಪೇಟೆಯೆಲ್ಲ ಒಂದು ಬದಿಗೆ, ಇನ್ನೊಂದು ಪೇಟೆಯೆಲ್ಲ ಇನ್ನೊಂದು ಬದಿಗೆ. ದೀಪಾವಳಿ ಬಂತೆಂದರೆ ಗಡಹಿಂಗ್ಲಜದ ಪಂದ್ಯಗಳ ಮಾತು. ಕೊಲ್ಹಾಪುರದ ಅನಿಕೇತ ಜಾಧವ ೨೦೧೭ರಲ್ಲಿ ಭಾರತದ ಪರವಾಗಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಆಡಿದಾಗ ಕಬನೂರಿನ ಮಗ್ಗದ ಶೆಡ್ಡುಗಳಲ್ಲಿಯೂ ಮೊಬೈಲು ಹಿಡಿದು ನಿಂತವರಿದ್ದರು.

ನಾನು ಮೊದಲ ಸಲ ಆ ಸ್ಟೇಡಿಯಮ್ಮಿಗೆ ಹೋದದ್ದು ಆರನೆಯ ವರ್ಗದಲ್ಲಿದ್ದಾಗ, ಸೋದರಮಾವನ ಕೈಹಿಡಿದು. ಯಾರು ಗೆದ್ದರೋ ಮರೆತಿದ್ದೇನೆ. ತಿರುಗಿ ಬರುವಾಗ ಎಸ್.ಟಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜ ಒಬ್ಬರು ಹಾತಕಣಂಗಲೆಯವರೆಗೂ ತಮ್ಮ ತಾಲೀಮಿನ ಮಂಡಳಿಯನ್ನು ಬೈಯುತ್ತ ಬಂದದ್ದು ಮಾತ್ರ ನೆನಪಿನಲ್ಲಿದೆ. ತಂಡ ಸೋತಾಗ ಮಂಡಳಿಯನ್ನು ಬೈಯುವುದು ನಿನ್ನೆ ಮೊನ್ನೆಯ ಪದ್ಧತಿಯಲ್ಲ.

ಬಹುಮಾನ ಪಡೆದ ಹುಡುಗ ಉದಾಹರಣೆಯನ್ನು ತಂದದ್ದು ಇಂಗ್ಲೆಂಡಿನಿಂದ. ಮ್ಯಾಂಚೆಸ್ಟರ್ ಯುನೈಟೆಡ್ ಸಂಘವನ್ನು ಅಮೆರಿಕೆಯ ಗ್ಲೇಜರ್ ಕುಟುಂಬದವರು ೨೦೦೫ರಲ್ಲಿ ಸಾಲದ ಹಣದಿಂದ ಕೊಂಡರು. ಸಾಲವನ್ನು ಸಂಘದ ತಲೆಗೇ ಕಟ್ಟಿದರು. ೨೦೧೩ರಲ್ಲಿ ಇಪ್ಪತ್ತನೆಯ ಸಲ ಲೀಗ್ ಗೆದ್ದುಕೊಟ್ಟು ತರಬೇತುದಾರ ಫರ್ಗ್ಯುಸನ್ ನಿವೃತ್ತರಾದರು. ಮುಂದಿನ ಹತ್ತು ವರ್ಷಗಳಲ್ಲಿ ಆ ಸಂಘ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. 'ಮಾಲೀಕರು ಸಂಘವನ್ನ ಹಸುವಿನಂಗ ಹಿಂಡಿದ್ರು, ಮೇವು ಹಾಕಲಿಲ್ಲ' ಎಂದ. ಒಳ್ಳೆಯ ಮಾತು. ವಿರೋಧವಾಗಿ ನಿಂತ ಹುಡುಗಿ ಸುಮ್ಮನಿರಲಿಲ್ಲ. ಅದೇ ವರ್ಷಗಳಲ್ಲಿ ಆ ಸಂಘ ಕೋಟಿ ಕೋಟಿ ಸುರಿದು ಆಟಗಾರರನ್ನು ಕೊಂಡದ್ದನ್ನು ತೋರಿಸಿ, 'ಹಾಗಾದ್ರ ಗೋಲು ಬಿಟ್ಟವರು ಮಂಡಳಿಯವರೇನ್ರಿ?' ಎಂದು ಕೇಳಿದಳು. ಸಭೆ ನಕ್ಕಿತು.

ದೂರದ ಬೆಟ್ಟ ನುಣ್ಣಗೆ. ಇಬ್ಬರಲ್ಲಿ ಒಬ್ಬರಾದರೂ ಹತ್ತಿರದ್ದನ್ನು ನೋಡಬಹುದಿತ್ತೆಂದು ನನಗೆ ಅನ್ನಿಸಿತು. ಕನ್ನಡ ನಾಡಿನ ರಾಜಧಾನಿಯಲ್ಲಿಯೇ ಇದಕ್ಕಿಂತ ದೊಡ್ಡ ಕಥೆಯೊಂದಿದೆ.

ಮುಂಬಯಿಯ ರೋವರ್ಸ್ ಕಪ್ ೧೮೯೧ರಲ್ಲಿ ಆರಂಭವಾದದ್ದು. ಬಹುಕಾಲ ಅದನ್ನು ಗೋರಾ ಸೈನಿಕರ ಪಡೆಗಳೇ ಒಯ್ಯುತ್ತಿದ್ದವು. ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಅನಂತರ ಸಂತೋಷ್ ಟ್ರೋಫಿ. ಮೈಸೂರು ರಾಜ್ಯದ ತಂಡ ಅದನ್ನು ನಾಲ್ಕು ಸಲ ಗೆದ್ದಿತು: ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯. ಬಂಗಾಳದವರಿಗೂ ಅಂಜದ ಕಾಲ ಅದು. ಆಮೇಲೆ ನಾಡಿನ ಹೆಸರು ಕರ್ನಾಟಕವಾಯಿತು. ಕಪ್ ಮಾತ್ರ ಬರಲಿಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಬರಲಿಲ್ಲ.

ಇದು ಯಾರ ತಪ್ಪು? ಆ ಕಾಲದ ಬೆಂಗಳೂರಿನಲ್ಲಿ ಆಟವನ್ನು ಹೊತ್ತು ನಿಂತವು ಸರಕಾರಿ ಕಾರ್ಖಾನೆಗಳು. ೧೯೪೦ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಎಚ್.ಎ.ಎಲ್., ೧೯೪೮ರಲ್ಲಿ ಹುಟ್ಟಿದ ದೂರವಾಣಿ ಕಾರ್ಖಾನೆ ಐ.ಟಿ.ಐ. ಇವೆರಡರ ತಂಡಗಳು ದೊಡ್ಡ ಹೆಸರು ಮಾಡಿದವು. ಬಡವರ ಮನೆಯ ಹುಡುಗ ಚೆನ್ನಾಗಿ ಆಡಿದರೆ ಕಾರ್ಖಾನೆಯಲ್ಲಿ ನೌಕರಿ. ನೌಕರಿಯೆಂದರೆ ತಿಂಗಳ ಪಗಾರ, ಭವಿಷ್ಯ ನಿಧಿ, ಮದುವೆಗೆ ಹೆಣ್ಣು. ಆ ಹುಡುಗನನ್ನು ನೋಡಿ ಓಣಿಯ ಹತ್ತು ಹುಡುಗರು ಚೆಂಡು ಒದೆಯುವುದು. ಆಟದ ಬೇರು ಆ ನೌಕರಿಯಲ್ಲಿತ್ತು. ೧೯೯೧ರ ನಂತರ ದೂರವಾಣಿ ಸಾಮಗ್ರಿಯ ಮಾರುಕಟ್ಟೆ ಎಲ್ಲರಿಗೂ ತೆರೆಯಿತು, ಐ.ಟಿ.ಐ. ಸೊರಗುತ್ತ ಬಂದಿತು. ಭರತಿ ನಿಂತ ಮೇಲೆ ಹೊಸ ಆಟಗಾರ ಎಲ್ಲಿಂದ ಬರಬೇಕು? ಎಚ್.ಎ.ಎಲ್. ತನ್ನ ನೌಕರರನ್ನೇ ನೆಚ್ಚಿಕೊಂಡು, ದೇಶದ ಅತಿ ಮೇಲಿನ ಲೀಗಾಗಿದ್ದ ಐ-ಲೀಗಿನವರೆಗೂ ಏರಿ, ಹಣವಂತ ತಂಡಗಳೆದುರು ತಾಳಲಾರದೆ ೨೦೧೨ರಲ್ಲಿ ಕೆಳಗಿಳಿಯಿತು. ಇಲ್ಲಿ ಯಾವ ಕ್ರೀಡಾ ಸಮಿತಿಯ ಅಧ್ಯಕ್ಷನನ್ನು ಹಿಡಿದು ಬೈಯುವುದು? ದೇಶದ ವ್ಯಾಪಾರದ ಗಾಳಿಯೇ ತಿರುಗಿದಾಗ ಅವನೇನು ಮಾಡಿಯಾನು?

ಕೆಲವು ಕಡೆ ಮಂಡಳಿ ಒಂದೇ ಠರಾವಿನಿಂದ ತಂಡವನ್ನು ಮುಗಿಸಿದ್ದೂ ಉಂಟು. ನಮ್ಮ ಮುಂಬಯಿಯ ಮಹೀಂದ್ರಾ ಯುನೈಟೆಡ್ ೨೦೦೫-೦೬ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ತಂಡ. ೨೦೧೦ರಲ್ಲಿ ಕಂಪನಿ ಅದನ್ನು ವಿಸರ್ಜಿಸಿತು. ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬದ ಜೆ.ಸಿ.ಟಿ. ತಂಡಕ್ಕೆ ೨೦೧೧ರಲ್ಲಿ ಅದೇ ಗತಿ. ಕಂಪನಿಯ ಹಣ, ಕಂಪನಿಯ ತಂಡ. ಗ್ಯಾಲರಿಯಲ್ಲಿ ಕುಳಿತು ಗಂಟಲು ಹರಿದುಕೊಂಡವನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಾನೂನೂ ಇರಲಿಲ್ಲ.

ಆದರೆ ಬೆಂಗಳೂರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ೨೦೨೩ರ ಮಾರ್ಚ್ ೪ರಂದು, ಸೌದಿ ಅರೇಬಿಯಾದ ರಿಯಾಧಿನಲ್ಲಿ, ಕರ್ನಾಟಕವು ಮೇಘಾಲಯವನ್ನು ೩-೨ ಗೋಲುಗಳಿಂದ ಸೋಲಿಸಿ ೫೪ ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಎತ್ತಿತು. ಕಾರ್ಖಾನೆಯ ತಂಡಗಳು ಸೊರಗಿದ್ದರೂ ಓಣಿಗಳಲ್ಲಿ ಆಟ ನಿಂತಿರಲಿಲ್ಲ. ಹಲಸೂರಿನ ಮಗ್ಗುಲಲ್ಲಿ ಗೌತಮಪುರವೆಂಬ ಬಡಾವಣೆಯಿದೆ. ಅಲ್ಲಿಯವರು ಪೆಲೆಯ ಮೂರ್ತಿಯನ್ನು ನಿಲ್ಲಿಸಿದ್ದಾರೆ. ಅಂಥ ಓಣಿಯಲ್ಲಿ ಮಕ್ಕಳು ಚೆಂಡು ಒದೆಯುವುದಕ್ಕೆ ಯಾವ ಮಂಡಳಿಯ ಠರಾವೂ ಬೇಕಾಗಿಲ್ಲ.

ಈಗ ನಮ್ಮ ತಾಲೀಮುಗಳಿಗೆ, ತರುಣ ಮಂಡಳಗಳಿಗೆ ಬರೋಣ. ಇವುಗಳ ಹಿಂದೆ ಕಾರ್ಖಾನೆಯಿಲ್ಲ, ಕಂಪನಿಯಿಲ್ಲ. ಓಣಿಯ ವರ್ಗಣಿಯಿಂದ, ದಾನಿಗಳ ಕೊಡುಗೆಯಿಂದ ನಡೆಯುವ ಸಂಸ್ಥೆಗಳಿವು. ಆದ್ದರಿಂದಲೇ ಇಲ್ಲಿ ಹೊಣೆಯ ಮಾತು ಬೇರೆ. ಗಾಳಿ ತಿರುಗಿತೆಂದು ಇಲ್ಲಿಯ ಮಂಡಳಿ ಹೇಳುವಂತಿಲ್ಲ. ಒಂದು ಹಂಗಾಮಿಗೆ ಹೊರಗಿನ ಆಟಗಾರರನ್ನು, ಕೆಲವೊಮ್ಮೆ ಪರದೇಶದವರನ್ನೂ ಹಣ ಕೊಟ್ಟು ಕರೆಸುವುದು; ಅದೇ ಓಣಿಯ ಹನ್ನೆರಡು ವರ್ಷದ ಹುಡುಗನಿಗೆ ಗಾಳಿ ಹೋದ ಚೆಂಡು. ಈ ಲೆಕ್ಕ ಬರೆಯುವವರು ಮಂಡಳಿಯವರೇ. ಪಂದ್ಯ ಸೋತದ್ದಕ್ಕೆ ಅವರನ್ನು ನಾನು ಬೈಯಲಾರೆ. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋದರೆ ಕಾರ್ಯದರ್ಶಿ ಏನು ಮಾಡಬೇಕು? ಆದರೆ ಮುಂದಿನ ವರ್ಷದ ಬೀಜವನ್ನು ಈ ವರ್ಷವೇ ಕುಟ್ಟಿ ತಿಂದರೆ ಅದು ಅವರದೇ ಅಪರಾಧ.

ಇಲ್ಲಿ ಪಾಲಕರಿಗೂ ಒಂದು ಮಾತು. ಸೂತಿನ ಗಿರಣಿ, ಸಕ್ಕರೆ ಕಾರ್ಖಾನೆ, ಪತಸಂಸ್ಥೆ ಇವುಗಳ ವಾರ್ಷಿಕ ಸಭೆ ಹೇಗೆ ನಡೆಯುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲೆ ಅಹವಾಲು ಓದುತ್ತಿರುತ್ತಾರೆ, ಕೆಳಗೆ ನಾವು ಚಹಾ ಬಂತೇ ಎಂದು ಬಾಗಿಲ ಕಡೆ ನೋಡುತ್ತಿರುತ್ತೇವೆ. ವಿಷಯ ಯಾವುದೆಂದು ಕೇಳುವ ಮೊದಲೇ 'ಮಂಜೂರ, ಮಂಜೂರ' ಎಂದು ಕೂಗುತ್ತೇವೆ. ಮರುದಿನ ಕಟ್ಟೆಯ ಮೇಲೆ ಕುಳಿತು ಮಂಡಳಿ ಎಲ್ಲವನ್ನೂ ಹಾಳುಮಾಡಿತೆಂದು ನಿಟ್ಟುಸಿರು ಬಿಡುವವರೂ ನಾವೇ.

ಇದನ್ನೆಲ್ಲ ದೂರ ನಿಂತು ಬರೆಯುತ್ತಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಶಿಕ್ಷಕ ತರಬೇತಿ ಮುಗಿಸಿ ಬಂದ ಹೊಸತರಲ್ಲಿ, ಒಂದು ತರುಣ ಮಂಡಳದ ಖಜಾಂಚಿಯಾಗಿದ್ದೆ. ಅದರ ಹೆಸರು ಬೇಡ; ಈಗ ಅದು ಇಲ್ಲ. ನಾವು ಊರಿನ ತಂಡವೊಂದನ್ನು ಕಟ್ಟಿದ್ದೆವು. ಪಂದ್ಯಾವಳಿ ಬಂದಾಗ ಹೊರಗಿನಿಂದ ನಾಲ್ಕೈದು ಜನ ಒಳ್ಳೆಯ ಆಟಗಾರರನ್ನು ಕರೆಸುವುದು, ಅವರಿಗೆ ಹಣ, ಮಟನ್ ಊಟ, ಹೊಸ ಜರ್ಸಿ. ಸಂಜೆ ಮೈದಾನದ ಮೂಲೆಯಲ್ಲಿ ಆಡುತ್ತಿದ್ದ ಹದಿನಾಲ್ಕು ಹುಡುಗರು ಒಮ್ಮೆ ಗುಂಪಾಗಿ ನಮ್ಮ ಮನೆಗೆ ಬಂದು ಎರಡು ಚೆಂಡು ಕೇಳಿದರು. 'ಮುಂದಿನ ವರ್ಷ ನೋಡೋಣಪ್ಪ' ಎಂದೆ. ಆ ವರ್ಷ ನಾವು ಕಪ್ ಗೆದ್ದೆವು. ಗುಲಾಲು ಹಾರಿತು, ಟ್ರ್ಯಾಕ್ಟರಿನಲ್ಲಿ ಮೆರವಣಿಗೆಯಾಯಿತು. ಆ ಮೆರವಣಿಗೆಯಲ್ಲಿ ಹುಡುಗರ ಚೆಂಡಿನ ಮಾತನ್ನು ಯಾರೂ ಎತ್ತಲಿಲ್ಲ. ನಾನಂತೂ ಎತ್ತಲಿಲ್ಲ.

ಎರಡು ವರ್ಷಗಳಲ್ಲಿ ಸೂತಿನ ವ್ಯಾಪಾರ ಇಳಿಯಿತು. ನಮಗೆ ಹಣ ಕೊಡುತ್ತಿದ್ದ ವ್ಯಾಪಾರಿಗಳು ಕೈ ಮುಗಿದರು. ಹೊರಗಿನ ಆಟಗಾರರು ಬರಲಿಲ್ಲ. ನಮ್ಮವರನ್ನೇ ಆಡಿಸೋಣವೆಂದು ಮೈದಾನಕ್ಕೆ ಹೋಗಿ ನೋಡಿದರೆ ಮೂಲೆಯಲ್ಲಿ ಯಾರೂ ಇರಲಿಲ್ಲ. ಕೆಲವರು ಕ್ರಿಕೆಟ್ಟಿಗೆ, ಕೆಲವರು ರಾತ್ರಿಪಾಳಿಯ ಮಗ್ಗಕ್ಕೆ. ತಂಡ ಅಲ್ಲಿಗೆ ಮುಗಿಯಿತು. ಊರಲ್ಲಿ ಮಾತೆದ್ದಿತು: 'ಮಂಡಳಿಯವರು ತಿಂದು ಹಾಕಿದ್ರು.'

ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಒಂದು ರೂಪಾಯಿಯನ್ನೂ ನಾವು ಮುಟ್ಟಿರಲಿಲ್ಲ. ಜಮಾಖರ್ಚಿನ ವಹಿ ಇಂದಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಪೈಸೆಯ ಲೆಕ್ಕವೂ ತಪ್ಪಿಲ್ಲ. ಚರ್ಚಾಸ್ಪರ್ಧೆ ಮುಗಿದ ರಾತ್ರಿ ಅದನ್ನು ತೆಗೆದು ನೋಡಿದೆ. ಆಟಗಾರರ ಊಟ, ಆಟಗಾರರ ಬಸ್ಸು, ಜರ್ಸಿ, ಬ್ಯಾಂಡು, ಗುಲಾಲು. ಮೂರು ವರ್ಷದ ಪುಟಗಳನ್ನು ತಿರುವಿದರೂ ಹುಡುಗರ ಚೆಂಡಿಗೆಂದು ಒಂದು ಸಾಲಿಲ್ಲ. ಊರವರು ಹೊರಿಸಿದ ಕಳವಿನ ಆರೋಪ ಸುಳ್ಳು. ತಂಡ ನಮ್ಮ ಕೈಯಲ್ಲಿ ಸತ್ತಿತೆಂಬುದು ಸುಳ್ಳಲ್ಲ.

ಬಹುಮಾನ ಪಡೆದ ಹುಡುಗನ ಅಂಕಗಳನ್ನು ಈಗ ಕಡಿಮೆ ಮಾಡುವಂತಿಲ್ಲ, ಮಾಡಬೇಕೆಂಬ ಇಚ್ಛೆಯೂ ಇಲ್ಲ. ಚೆನ್ನಾಗಿ ಮಾತನಾಡಿದ. ಆದರೆ ಎದುರು ನಿಂತ ಹುಡುಗಿಗೆ ಇನ್ನೆರಡು ಅಂಕ ಕೊಡಬೇಕಾಗಿತ್ತು. ಅವಳು ಕೊನೆಯಲ್ಲಿ ಸಭೆಯ ಕಡೆ ತಿರುಗಿ, 'ಆ ಮಂಡಳಿಯವರನ್ನ ಆರಿಸಿ ಕೂಡಿಸಿದವರು ಯಾರ್ರಿ?' ಎಂದು ಕೇಳಿದ್ದಳು. ಮುಂದೆ ಏನು ಹೇಳುವವಳಿದ್ದಳೋ, ಅಷ್ಟರಲ್ಲಿ ಅವಳ ಐದು ನಿಮಿಷ ಮುಗಿದವೆಂದು ಗಂಟೆ ಬಾರಿಸಿದರು. ಗಂಟೆ ನನ್ನ ಮುಂದೆಯೇ ಇತ್ತು, ಬಾರಿಸಿದವನು ನಾನೇ.