ಆರೋಗ್ಯದ ಮಾತು: ಅಂಕವೂ ಆಯುಷ್ಯವೂ

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕಾದು ಕುಳಿತವರಿಗೆ ವೈದ್ಯರ ಬಾಯಿಂದ ಬರುವ ಅತಿ ಕಠಿಣವಾದ ಮಾತೆಂದರೆ ಒಂದು ಸಂಖ್ಯೆ. “ಸೆಪ್ಟಿಕ್ ಶಾಕ್ ಆಗಿದೆ, ಇಂಥವರಲ್ಲಿ ನೂರಕ್ಕೆ ನಲವತ್ತು ಜನ ಉಳಿಯುವುದಿಲ್ಲ” ಎಂದು ಹೇಳಿ ಅವರು ಒಳಗೆ ಹೋಗುತ್ತಾರೆ. ಧಾರವಾಡದ ಅಣ್ಣನಿಗೆ ರಾತ್ರಿಯ ಗಾಡಿ ಹತ್ತಲು ಹೇಳಬೇಕೆ, ಮಂಗಳೂರಿನ ಅಕ್ಕನನ್ನು ಕರೆಸಬೇಕೆ ಎಂಬ ಚಿಂತೆ ಹೊರಗಿನವರಿಗೆ ಹತ್ತಿಕೊಳ್ಳುತ್ತದೆ. ಊರು ಬಿಟ್ಟು ಬಂದ ನಮಗೆ ಈ ಚಿಂತೆ ಇಮ್ಮಡಿ. ಆದಕಾರಣ ಆ ಸಂಖ್ಯೆ ಎಲ್ಲಿಂದ ಬರುತ್ತದೆ, ಅದರಲ್ಲಿ ಮನೆಯವರ ಪಾಲೇನು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಶ್ವಾಸಕೋಶದಲ್ಲೋ ಮೂತ್ರನಾಳದಲ್ಲೋ ಕಾಲಿನ ಹುಣ್ಣಿನಲ್ಲೋ ಸೋಂಕು ತಗಲಿದಾಗ ದೇಹ ಅದರೊಡನೆ ಹೋರಾಡುತ್ತದೆ. ಆ ಹೋರಾಟವೇ ಹದ ತಪ್ಪಿ ಸ್ವಂತ ಅಂಗಾಂಗಗಳಿಗೆ ಹಾನಿಯಾದರೆ ಅದು ಸೆಪ್ಸಿಸ್. ಹಿರಿಯರು “ನಂಜೇರಿತು” ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು ೬೫ರಲ್ಲಿ ನಿಲ್ಲಿಸಲು ಔಷಧವೇ ಬೇಕಾಗಿ, ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಲೀಟರಿಗೆ ೨ ಮಿಲಿಮೋಲ್ ಮೀರಿದ್ದರೆ ಅದು ಸೆಪ್ಟಿಕ್ ಶಾಕ್. ೨೦೧೬ರಲ್ಲಿ ತಜ್ಞರು ಈ ವ್ಯಾಖ್ಯೆ ಮಾಡಿದಾಗ ಲೆಕ್ಕಕ್ಕೆ ತೆಗೆದುಕೊಂಡ ಇಂಥ ರೋಗಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಜನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ವೈದ್ಯರು ಹೇಳುವ ನಲವತ್ತು ಅಲ್ಲಿಂದ ಬಂದದ್ದು.

ಇನ್ನು ಅಂಕದ ಮಾತು. ೧೯೯೪ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವೈದ್ಯರು ರೂಪಿಸಿ ೧೯೯೬ರಲ್ಲಿ ಪ್ರಕಟಿಸಿದ ಪದ್ಧತಿಗೆ ‘ಸೋಫಾ’ ಎಂದು ಹೆಸರು. ಕುಳಿತುಕೊಳ್ಳುವ ಸೋಫಾ ಅಲ್ಲ, ಇಂಗ್ಲಿಷಿನ ನಾಲ್ಕು ಮಾತುಗಳ ಮೊದಲಕ್ಷರಗಳು! ಉಸಿರಾಟ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತದೊತ್ತಡ, ಮೆದುಳು, ಮೂತ್ರಪಿಂಡ ಈ ಆರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು ೨೪. ನಮ್ಮ ಮಕ್ಕಳ ಪರೀಕ್ಷೆಗಿಂತ ಇದು ತಿರುವುಮುರುವು: ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಆದರೆ ಇಂಥ ಲೆಕ್ಕ ನೂರು ಜನರ ಮಾತು ಹೇಳುತ್ತದೆಯೇ ಹೊರತು ಒಬ್ಬರ ಹಣೆಬರಹವನ್ನಲ್ಲ. ನೂರು ತೆಂಗಿನ ಸಸಿ ನೆಟ್ಟರೆ ಇಷ್ಟು ಉಳಿದಾವು ಎಂದು ಅನುಭವಸ್ಥ ತೋಟಗಾರ ಹೇಳಬಲ್ಲ. ಈ ಒಂದು ಸಸಿ ಉಳಿದೀತೆ ಎಂದರೆ ಹೇಳಲಾರ. ಸೋಫಾ ಪದ್ಧತಿಯನ್ನು ರಚಿಸಿದವರ ಉದ್ದೇಶವೂ ಅಂಗಾಂಗಗಳ ಸ್ಥಿತಿಯನ್ನು ದಿನದಿನವೂ ಬರೆದಿಡುವುದೇ ಆಗಿತ್ತು, ಭವಿಷ್ಯ ಹೇಳುವುದಾಗಿರಲಿಲ್ಲ. ಒಂದು ದಿನದ ಅಂಕಕ್ಕಿಂತ ಅದರ ಏರಿಳಿತವೇ ಹೆಚ್ಚು ಮಾತಾಡುತ್ತದೆ. ೨೦೦೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಮೊದಲ ೪೮ ಗಂಟೆಗಳಲ್ಲಿ ಅಂಕ ಏರಿದವರಲ್ಲಿ ಕಡಮೆಯೆಂದರೂ ಅರ್ಧದಷ್ಟು ಜನ ಉಳಿಯಲಿಲ್ಲ, ಮೊದಲ ದಿನದ ಅಂಕ ಎಷ್ಟೇ ಇದ್ದಿರಲಿ. ಆದ್ದರಿಂದ “ಉಳಿಯುತ್ತಾರೆಯೆ?” ಎಂದು ಕೇಳುವುದರ ಜೊತೆಗೆ “ನಿನ್ನೆಗಿಂತ ಇಂದು ಅಂಕ ಏರಿದೆಯೆ, ಇಳಿದಿದೆಯೆ? ಯಾವ ಅಂಗ ಸುಧಾರಿಸಿದೆ?” ಎಂದೂ ಕೇಳಿರಿ. ವೈದ್ಯರಿಗೂ ಉತ್ತರ ಹೇಳಲು ಸುಲಭ.

ಈಗ ನಮ್ಮಂಥ ಕುಟುಂಬಗಳು ಮುಖ್ಯವಾಗಿ ತಿಳಿಯತಕ್ಕ ಸಂಗತಿ. ಆ ಆರರಲ್ಲಿ ಮೆದುಳಿಗೆ ಅಂಕ ಹಾಕಲು ಗ್ಲಾಸ್ಗೋ ನಗರದ ವೈದ್ಯರು ೧೯೭೪ರಲ್ಲಿ ಕೊಟ್ಟ ಅಳತೆಗೋಲನ್ನು ಬಳಸುತ್ತಾರೆ. ಕಣ್ಣು ತೆರೆಯುವುದಕ್ಕೆ ೪, ಮಾತಿಗೆ ೫, ಕೈಕಾಲಿನ ಚಲನೆಗೆ ೬, ಒಟ್ಟು ೧೫. ಇಲ್ಲಿ ಮಾತ್ರ ಹೆಚ್ಚು ಅಂಕವೇ ಒಳ್ಳೆಯದು. ಮಾತಿನ ಪರೀಕ್ಷೆಯೆಂದರೆ ಹೆಸರೇನು, ಎಲ್ಲಿದ್ದೀರಿ, ಇದು ಯಾವ ತಿಂಗಳು ಎಂದು ಕೇಳುವುದು. ಗದಗಿನಿಂದ ಪುಣೆಗೆ ಮಗನ ಮನೆಗೆ ಬಂದ ತಾಯಿ ಕನ್ನಡವಲ್ಲದೆ ಬೇರೆ ನುಡಿ ಅರಿಯರು. ದಾದಿ ಮರಾಠಿಯಲ್ಲಿ ಕೇಳಿದರೆ ಅವರು ಸುಮ್ಮನೆ ನೋಡಿಯಾರು, ಇಲ್ಲವೆ ಮತ್ತೇನೋ ಅಂದಾರು. ಮೆದುಳು ನೆಟ್ಟಗಿದ್ದರೂ ಗೊಂದಲವಿದೆಯೆಂದು ಹಾಳೆಯ ಮೇಲೆ ಬಿದ್ದುಬಿಡಬಹುದು. ಭಾಷೆ, ಕಿವುಡುತನಗಳಂಥ ಅಡ್ಡಿಗಳನ್ನು ಮೊದಲು ನೋಡಿಕೊಳ್ಳಬೇಕೆಂದು ಆ ಪದ್ಧತಿಯೇ ಹೇಳುತ್ತದೆ; ಆದರೆ ಅಡ್ಡಿಯಿರುವುದನ್ನು ತಿಳಿಸಬೇಕಾದವರು ನಾವು. ಸೇರಿಸುವಾಗಲೇ “ಇವರಿಗೆ ಕನ್ನಡ ಮಾತ್ರ ಬರುತ್ತದೆ” ಎಂದು ಕಾಗದದಲ್ಲಿ ಬರೆಯಿಸಿರಿ. ಕಿವಿಯ ಯಂತ್ರವಿದ್ದರೆ ಒಳಗೆ ಕೊಡಿರಿ. ಪರೀಕ್ಷೆಯ ಹೊತ್ತಿಗೆ ಒಬ್ಬರನ್ನು ಒಳಗೆ ಬಿಡುವಂತೆ ವಿನಯದಿಂದ ಕೇಳಿರಿ.

ಇದರ ಇನ್ನೊಂದು ಮಗ್ಗುಲೂ ಇದೆ. ಸೋಂಕಿದ್ದವರಲ್ಲಿ ನಿಮಿಷಕ್ಕೆ ೨೨ ಅಥವಾ ಹೆಚ್ಚು ಸಲ ಉಸಿರಾಟ, ೧೦೦ ಅಥವಾ ಕೆಳಗಿನ ಮೇಲ್ರಕ್ತದೊತ್ತಡ, ಬುದ್ಧಿ ಮಂಕಾಗುವುದು ಈ ಮೂರರಲ್ಲಿ ಎರಡು ಕಂಡರೆ ಎಚ್ಚರವೆಂದು ೨೦೧೬ರಲ್ಲಿ ಹೇಳಿದರು. ಇದೊಂದನ್ನೇ ನಂಬಬಾರದೆಂದು ೨೦೨೧ರ ಮಾರ್ಗಸೂಚಿ ತಿದ್ದಿತು. ಆದರೂ “ಅತ್ತೆಯವರು ನಿನ್ನೆಯಿಂದ ಏನೇನೋ ಮಾತಾಡುತ್ತಿದ್ದಾರೆ” ಎಂದು ಮೊದಲು ಕಾಣುವುದು ಸೊಸೆಗೇ. ಜ್ವರದ ಜೊತೆ ಅದು ಕಂಡರೆ ವಯಸ್ಸಾಯಿತೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೊರಡತಕ್ಕದ್ದು. ಶಾಕ್ ಆದವರಿಗೆ ಒಂದು ಗಂಟೆಯೊಳಗೆ ಪ್ರತಿಜೀವಕ ಕೊಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಹೊರಡುವಾಗ ಹಳೆಯ ರಕ್ತಪರೀಕ್ಷೆಯ ಕಾಗದಗಳನ್ನು ಮರೆಯಬೇಡಿ. ಹತ್ತು ವರ್ಷದಿಂದ ಮೂತ್ರಪಿಂಡ ದುರ್ಬಲವಾಗಿದ್ದವರ ಅಂಕವನ್ನು ಅವರ ಮೊದಲಿನ ಸ್ಥಿತಿಗೆ ಹೋಲಿಸಿಯೇ ಅಳೆಯಬೇಕು. ಆ ಕಾಗದ ಊರಿನ ಪೆಟ್ಟಿಗೆಯಲ್ಲಿದ್ದರೆ ಇಲ್ಲಿಯ ವೈದ್ಯರಿಗೆ ತಿಳಿಯುವುದು ಹೇಗೆ? ತಂದೆತಾಯಿಯರು ಊರಿಂದ ಬರುವಾಗ ಅದೂ ಜೊತೆಗೆ ಬರಲಿ.

ಕೊನೆಗೆ, ಅಣ್ಣನನ್ನು ಕರೆಸಬೇಕೆ? ಕರೆಸಿರಿ. ಅದಕ್ಕೆ ಸಂಖ್ಯೆಯ ಅಪ್ಪಣೆ ಬೇಕಿಲ್ಲ. ನೂರಕ್ಕೆ ನಲವತ್ತು ಎಂಬುದು ಗಾಡಿ ಹತ್ತುವುದಕ್ಕೆ ಸಾಕಾದ ಕಾರಣ, ಆಸೆ ಬಿಡುವುದಕ್ಕೆ ಸಾಕಾದುದಲ್ಲ. ಬಂದವರು ಹಾಸಿಗೆಯ ಬಳಿ ನಿಂತು “ಅವ್ವಾ, ನಾನು ಬಂದೀನಿ” ಎಂದಾಗ ಆಕೆ ಕಣ್ಣು ತೆರೆದು ಹೆಸರು ಹಿಡಿದು ಕರೆದರೆ, ಅದನ್ನು ದಾದಿಗೆ ತಪ್ಪದೆ ತಿಳಿಸಿರಿ.